ಸಹಿ ಹಾಕದವರ ಪಾಠವನ್ನೂ ಹೇಳೋಣ

ಅಮೆರಿಕದ ಸಂವಿಧಾನದ ಪಾಠ ಬಂದಾಗ ನಾವು ಮೇಷ್ಟ್ರುಗಳು ಸಾಮಾನ್ಯವಾಗಿ ಒಂದೇ ಉಸಿರಿಗೆ ಮುಗಿಸಿಬಿಡುತ್ತೇವೆ. 1776ರಲ್ಲಿ ಸ್ವಾತಂತ್ರ್ಯ ಘೋಷಣೆ, ಮೊದಲು ಒಂದು ದುರ್ಬಲ ಒಕ್ಕೂಟ, 1787ರಲ್ಲಿ ಫಿಲಡೆಲ್ಫಿಯಾ ಸಭೆ, ಬಲವಾದ ಕೇಂದ್ರ ಸರಕಾರ, ವಾಷಿಂಗ್ಟನ್ ಮೊದಲ ಅಧ್ಯಕ್ಷ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಇದು ಅರ್ಧ ಕಥೆ ಎಂಬುದು ನನ್ನ ಅಭಿಪ್ರಾಯ. ಉಳಿದರ್ಧ, ಆ ಸಂವಿಧಾನಕ್ಕೆ ಸಹಿ ಹಾಕಲು ಒಪ್ಪದವರದ್ದು. ಗಡಿಯಾಚೆ ಕನ್ನಡ ಶಾಲೆ ಉಳಿಸಿಕೊಳ್ಳಲು ಹೆಣಗುತ್ತಿರುವ ನಮಗಂತೂ ಆ ಅರ್ಧವೇ ಹೆಚ್ಚು ಬೇಕಾದದ್ದು.

ಮೊದಲು ಒಕ್ಕೂಟ ಏಕೆ ಸೋತಿತು ಎಂಬುದನ್ನು ನೋಡೋಣ. 1777ರಲ್ಲಿ ಬರೆದು 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ಕರಾರಿನಲ್ಲಿ ಹದಿಮೂರು ರಾಜ್ಯಗಳಿಗೂ ತಲಾ ಒಂದು ಮತ. ರಾಷ್ಟ್ರಾಧ್ಯಕ್ಷರಿಲ್ಲ, ರಾಷ್ಟ್ರಮಟ್ಟದ ನ್ಯಾಯಾಲಯಗಳ ವ್ಯವಸ್ಥೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಖರ್ಚಿಗೆ ಹಣ ಬೇಕಾದರೆ ರಾಜ್ಯಗಳಿಗೆ ಪತ್ರ ಬರೆದು ಕೇಳಬೇಕು. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ.

ಇದನ್ನು ಸರಿಪಡಿಸಲು ಆಮದು ಸರಕಿನ ಮೇಲೆ ಶೇಕಡಾ 5ರಷ್ಟು ಸುಂಕ ಹಾಕೋಣ ಎಂದು 1781ರಲ್ಲಿ ಕಾಂಗ್ರೆಸ್ ಕೇಳಿತು. ಕರಾರಿನ ತಿದ್ದುಪಡಿಗೆ ಎಲ್ಲ ಹದಿಮೂರು ರಾಜ್ಯಗಳೂ ಒಪ್ಪಬೇಕಿತ್ತು. 1782ರಲ್ಲಿ ಪುಟ್ಟ ರೋಡ್ ಐಲೆಂಡ್ ಒಲ್ಲೆ ಎಂದಿತು. ಯೋಜನೆ ಅಲ್ಲಿಗೇ ಬಿತ್ತು. 1783ರಲ್ಲಿ ಮತ್ತೊಂದು ಪ್ರಯತ್ನ ನಡೆಯಿತು, ಅದು ನ್ಯೂಯಾರ್ಕ್‌ನಿಂದಾಗಿ ನಿಂತಿತು. ಅದೇ ವರ್ಷ ಜೂನ್‌ನಲ್ಲಿ ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಸೇರುತ್ತಿದ್ದ ಕಟ್ಟಡವನ್ನೇ ಸುತ್ತುವರಿದರು. ರಕ್ಷಣೆಗೆ ಪಡೆ ಕರೆಸಿ ಎಂದರೆ ಪೆನ್ಸಿಲ್ವೇನಿಯಾ ಸರಕಾರ ಕರೆಸಲಿಲ್ಲ. ದೇಶದ ಸರಕಾರವೇ ಊರು ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಗಬೇಕಾಯಿತು!

ಮೂರು ವರ್ಷದ ನಂತರ ಮ್ಯಾಸಚೂಸೆಟ್ಸ್‌ನ ಪಶ್ಚಿಮ ಭಾಗದ ರೈತರು ಸಾಲ ಮತ್ತು ತೆರಿಗೆಯ ಹೊರೆ ತಾಳಲಾರದೆ, ಜಪ್ತಿ ಆದೇಶ ಕೊಡುವ ಕೋರ್ಟುಗಳನ್ನೇ ಮುಚ್ಚಿಸತೊಡಗಿದರು. ಅವರ ಮುಂದಾಳುಗಳಲ್ಲಿ ಒಬ್ಬ ಡೇನಿಯಲ್ ಶೇಸ್, ಸ್ವಾತಂತ್ರ್ಯ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. ಈ ದಂಗೆಯನ್ನು ಅಡಗಿಸಲು ಒಕ್ಕೂಟದ ಬಳಿ ಹಣವಿರಲಿಲ್ಲ. ಬಾಸ್ಟನ್‌ನ ವ್ಯಾಪಾರಿಗಳು ಕೈಯಿಂದ ಹಣ ಹಾಕಿ ಪಡೆ ಕಟ್ಟಿಸಿದರು. ಇನ್ನು ಹೀಗೆ ನಡೆಯದು ಎಂದು ಅನೇಕರಿಗೆ ಅನ್ನಿಸಿದ್ದು ಆಗ.

1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಫಿಲಡೆಲ್ಫಿಯಾದಲ್ಲಿ ಸಭೆ ನಡೆಯಿತು. ಹನ್ನೆರಡು ರಾಜ್ಯಗಳಿಂದ 55 ಜನ ಬಂದಿದ್ದರು. ರೋಡ್ ಐಲೆಂಡ್ ಯಾರನ್ನೂ ಕಳಿಸಲಿಲ್ಲ. ಬಂದದ್ದು ಹಳೆಯ ಕರಾರನ್ನು ತಿದ್ದಲು, ಮಾಡಿದ್ದು ಹೊಸ ಸಂವಿಧಾನ. ದೊಡ್ಡ ರಾಜ್ಯಗಳು ಜನಸಂಖ್ಯೆಯ ಲೆಕ್ಕದಲ್ಲಿ ಸ್ಥಾನ ಕೇಳಿದವು, ಚಿಕ್ಕವು ಸಮಾನ ಸ್ಥಾನ ಕೇಳಿದವು. ಕೊನೆಗೆ ಪ್ರತಿನಿಧಿ ಸಭೆಗೆ ಜನಸಂಖ್ಯೆ, ಸೆನೆಟ್‌ಗೆ ರಾಜ್ಯಕ್ಕೆ ಇಬ್ಬರು ಎಂಬ ರಾಜಿಯಾಯಿತು. ಇನ್ನೊಂದು ರಾಜಿ ನಾಚಿಕೆಗೇಡಿನದು. ಗುಲಾಮರಿಗೆ ಮತವಿಲ್ಲ, ಆದರೆ ಸ್ಥಾನಗಳ ಲೆಕ್ಕಕ್ಕೆ ಅವರ ಸಂಖ್ಯೆಯ ಐದರಲ್ಲಿ ಮೂರು ಭಾಗ ಸೇರುತ್ತದೆ! ಇದನ್ನೂ ಮಕ್ಕಳಿಂದ ಮುಚ್ಚಿಡಬಾರದು.

ಈಗ ಸಹಿ ಹಾಕದವರ ವಿಷಯಕ್ಕೆ ಬರುತ್ತೇನೆ. ಸಭೆ ಮುಗಿಯಲು ಐದು ದಿನ ಇದ್ದಾಗ ವರ್ಜೀನಿಯಾದ ಜಾರ್ಜ್ ಮೇಸನ್, ಜನರ ಹಕ್ಕುಗಳ ಪಟ್ಟಿಯೊಂದನ್ನು ಸೇರಿಸಬೇಕು ಎಂದರು. ಒಂದು ರಾಜ್ಯವೂ ಅದರ ಪರವಾಗಿ ಮತ ಹಾಕಲಿಲ್ಲ. ಕೊನೆಯ ದಿನ 39 ಜನ ಸಹಿ ಹಾಕಿದರು. ಮೇಸನ್, ಎಲ್ಬ್ರಿಜ್ ಗೆರ್ರಿ, ಎಡ್ಮಂಡ್ ರಾಂಡೋಲ್ಫ್ ಈ ಮೂವರು ಅಲ್ಲೇ ಇದ್ದೂ ಸಹಿ ಹಾಕಲಿಲ್ಲ. ಮೇಸನ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವರು, ಅವರನ್ನು ದೇವರು ಮಾಡುವುದು ಬೇಡ. ಆದರೆ ಅವರು ಎತ್ತಿದ ಪ್ರಶ್ನೆ ಸರಿಯಾಗಿತ್ತು. ಅಷ್ಟು ಬಲ ಬಂದ ಸರಕಾರ ನಾಳೆ ನಮ್ಮ ಮೇಲೇ ತಿರುಗಿದರೆ ನಮ್ಮ ಕೈಯಲ್ಲಿ ಏನಿರುತ್ತದೆ?

ಈ ಪ್ರಶ್ನೆ ಊರೂರಿಗೆ ಹಬ್ಬಿತು. ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಸೇರಿ ಸಂವಿಧಾನದ ಪರವಾಗಿ 85 ಪ್ರಬಂಧ ಬರೆದರೂ ಗೆಲುವು ಸುಲಭವಾಗಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ 187ಕ್ಕೆ 168, ವರ್ಜೀನಿಯಾದಲ್ಲಿ 89ಕ್ಕೆ 79, ನ್ಯೂಯಾರ್ಕ್‌ನಲ್ಲಿ 30ಕ್ಕೆ 27. ತಿದ್ದುಪಡಿಗಳ ಸಲಹೆಯನ್ನು ಜೊತೆಗಿಟ್ಟೇ ಈ ರಾಜ್ಯಗಳು ಒಪ್ಪಿದವು. ಮೊದಲು ಹಕ್ಕುಗಳ ಪಟ್ಟಿ ಅನಗತ್ಯ ಎಂದಿದ್ದ ಮ್ಯಾಡಿಸನ್ನರೇ 1789ರ ಜೂನ್‌ನಲ್ಲಿ ಅದನ್ನು ಕಾಂಗ್ರೆಸ್ಸಿನಲ್ಲಿ ಮಂಡಿಸಿದರು. 1791ರ ಡಿಸೆಂಬರ್ 15ಕ್ಕೆ ಹತ್ತು ತಿದ್ದುಪಡಿಗಳು ಜಾರಿಗೆ ಬಂದವು. ವಾಕ್ ಸ್ವಾತಂತ್ರ್ಯ, ಧರ್ಮ ಸ್ವಾತಂತ್ರ್ಯ ಎಂದು ಇಂದು ಜಗತ್ತು ಹೊಗಳುವುದು ಇವನ್ನೇ. ಇವು ಬಂದದ್ದು ಬೇಡ ಎಂದು ಹಟ ಹಿಡಿದವರಿಂದ.

ಅಲ್ಲಿಗೂ ಕಥೆ ಮುಗಿಯುವುದಿಲ್ಲ. ಆ ಹಕ್ಕುಗಳು ಕೇಂದ್ರವನ್ನು ಮಾತ್ರ ಕಟ್ಟಿಹಾಕುತ್ತವೆ, ರಾಜ್ಯಗಳನ್ನಲ್ಲ ಎಂದು 1833ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಾಜ್ಯಗಳ ಕೈಯನ್ನೂ ಹಿಡಿಯುವ ಹದಿನಾಲ್ಕನೇ ತಿದ್ದುಪಡಿ ಬಂದದ್ದು ಅಂತರ್ಯುದ್ಧದ ನಂತರ, 1868ರಲ್ಲಿ. ಅದರ ಫಲ ಒಬ್ಬ ಮೇಷ್ಟ್ರಿಗೂ ಸಿಕ್ಕಿತು. ನೆಬ್ರಾಸ್ಕಾ ರಾಜ್ಯ 1919ರಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡಬಾರದು, ಎಂಟನೇ ತರಗತಿ ಮುಗಿಯುವ ತನಕ ಬೇರೆ ಭಾಷೆಯನ್ನೂ ಕಲಿಸಬಾರದು ಎಂದು ಕಾನೂನು ಮಾಡಿತು. ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದು ಕಲಿಸಿದ ರಾಬರ್ಟ್ ಮೇಯರ್ ಎಂಬ ಶಿಕ್ಷಕರಿಗೆ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಆಧಾರವಾಗಿ ಒದಗಿದ್ದು ಹದಿನಾಲ್ಕನೇ ತಿದ್ದುಪಡಿ.

ಸ್ನೇಹಿತರೇ, ಇದು ನಮ್ಮ ಬಾಗಿಲಿನ ಮಾತೂ ಹೌದು. ನಮ್ಮ ಸಂವಿಧಾನದ 350ಎ ವಿಧಿ 1956ರಲ್ಲಿ, ಭಾಷಾವಾರು ರಾಜ್ಯಗಳಾದಾಗ, ಸೇರಿದ್ದು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ರಾಷ್ಟ್ರಪತಿಗಳು ರಾಜ್ಯಕ್ಕೆ ನಿರ್ದೇಶನ ಕೊಡಬಹುದು ಎಂದೂ ಇದೆ. ಆ 'ಪ್ರಯತ್ನ' ಎಂಬ ಪದ ಓದಿದಾಗಲೆಲ್ಲ ನನಗೆ ಹಳೆಯ ಒಕ್ಕೂಟದ ಪತ್ರಗಳು ನೆನಪಾಗುತ್ತವೆ. ಖಾಲಿ ಹುದ್ದೆಗೆ ಕನ್ನಡ ಬಲ್ಲ ಶಿಕ್ಷಕರನ್ನು ಕೊಡಿ, ಶಾಲೆ ತೆರೆಯುವ ಮೊದಲು ಪುಸ್ತಕ ಕೊಡಿ ಎಂದು ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ ನಾವೂ ಕೇಳುತ್ತಲೇ ಇರುತ್ತೇವೆ. ಕೇಳುವುದು ಬೇರೆ, ಪಡೆಯುವ ಅಧಿಕಾರ ಬೇರೆ.

ಹಾಗಾಗಿ ಎರಡನ್ನೂ ಕಲಿಸೋಣ. ಜಾರಿ ಮಾಡುವ ಕೈ ಇಲ್ಲದ ಕರಾರು ಬರೀ ಮನವಿ ಪತ್ರ. ಹಕ್ಕು ಬರೆದಿಡದ ಬಲವಾದ ಸರಕಾರ ಸಣ್ಣ ಗುಂಪಿಗೆ ಅಪಾಯ. ತರಗತಿಯಲ್ಲಿ ಮಕ್ಕಳನ್ನು ಹದಿಮೂರು ಗುಂಪು ಮಾಡಿ, ಎಲ್ಲರೂ ಒಪ್ಪಿದರೆ ಮಾತ್ರ ವಾರ್ಷಿಕೋತ್ಸವದ ಕಾರ್ಯಕ್ರಮ ಎನ್ನಿ. ಒಂದು ಗುಂಪು ಹಟ ಹಿಡಿದರೆ ಏನಾಗುತ್ತದೆ ಎಂಬುದು ಅವರಿಗೇ ಗೊತ್ತಾಗುತ್ತದೆ. ಆಮೇಲೆ ಬಹುಮತ ಸಾಕು ಎನ್ನಿ. ಪ್ರತಿ ಸಲವೂ ಸೋಲುವ ಗುಂಪಿನ ಮಕ್ಕಳ ಮುಖ ನೋಡಿ, ಅವರಿಗೆ ಏನು ಬರೆದುಕೊಡಬೇಕು ಎಂದು ಇಡೀ ತರಗತಿಯನ್ನು ಕೇಳಿ. ಪೋಷಕರ ಸಭೆಯಲ್ಲಿ 350ಎ ವಿಧಿಯನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿ.

ನೀವೇನಂತೀರಿ? ನಿಮ್ಮ ಶಾಲೆಯಲ್ಲಿ ಈ ಪಾಠವನ್ನು ಹೇಗೆ ಹೇಳುತ್ತೀರಿ, ದಯವಿಟ್ಟು ಬರೆಯಿರಿ.