ಒಂದು ಪದದ ಲೆಕ್ಕ

ಮಕ್ಕಳೇ, ಹೋದ ವಾರ ನನ್ನ ಮೊಮ್ಮಗ ಶಾಲೆಯಿಂದ ಒಂದು ಹಾಳೆ ತಂದಿದ್ದ. ‘ನಮ್ಮ ಬಂಧುಗಳು ಮಾಡುವ ಕೆಲಸಗಳು’ ಅಂತ ಮೇಲೆ ಬರೆದಿತ್ತು. ಅಪ್ಪ ಇಂಜಿನಿಯರ್, ಅಮ್ಮ ಟೀಚರ್, ಅಜ್ಜ ನಿವೃತ್ತ ಬ್ಯಾಂಕ್ ಗುಮಾಸ್ತ ಎಂದು ಸರಸರ ಬರೆದವನು, ಇಂಗ್ಲೆಂಡಿನಲ್ಲಿರುವ ಅತ್ತೆಯ ಹೆಸರಿನ ಮುಂದೆ ಪೆನ್ಸಿಲ್ ಕಚ್ಚುತ್ತಾ ಕೂತ.

“ಅಜ್ಜಾ, ಅತ್ತೆ ಡಾಕ್ಟ್ರಾ?”

“ಅಲ್ಲ ಪುಟ್ಟ.”

“ವಿಜ್ಞಾನಿನಾ?”

“ಅಲ್ಲ.”

“ಮತ್ತೆ ಪೇಪರ್‌ಗೆ ಬರೆಯೋರಾ?”

“ಪೂರ್ತಿ ಅದೂ ಅಲ್ಲ.”

ಅವಳು ನನ್ನ ತಮ್ಮನ ಮಗಳು. ಅಲ್ಲಿನ ಒಂದು ದತ್ತಿಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ. ಜನರು ಕೊಟ್ಟ ದೇಣಿಗೆಯನ್ನು ಕಾಯಿಲೆಗಳ ಸಂಶೋಧನೆಗೆ ಹಂಚುವ ಸಂಸ್ಥೆ ಅದು. ವಿಜ್ಞಾನಿಗಳು ಕಂಡುಕೊಂಡದ್ದನ್ನು ಜನರಿಗೆ ತಿಳಿಯುವ ಮಾತಿನಲ್ಲಿ ಹೇಳುವ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಇಷ್ಟು ಹೇಳಿದ್ದಕ್ಕೆ ಮೊಮ್ಮಗ, “ಅಷ್ಟೇನಾ? ಹೇಳೋದೂ ಒಂದು ಕೆಲಸಾನಾ?” ಅಂದುಬಿಟ್ಟ. ಅವನಿಗೆ ಆ ದಿನ ಹೇಳಿದ ಕಥೆಯನ್ನೇ ಈ ವಾರ ನಿಮಗೂ ಹೇಳುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. 1956ರ ಮಳೆಗಾಲದಲ್ಲಿ ನಾಲ್ಕು ವರ್ಷದ ನನ್ನ ತಮ್ಮನಿಗೆ ಜ್ವರ ಬಂತು. ಮೂರು ದಿನ ಕಾದು ಇಳಿಯಿತು. ನಾಲ್ಕನೆಯ ಬೆಳಿಗ್ಗೆ ಅಮ್ಮ ಅವನನ್ನು ಎಬ್ಬಿಸಿ ನಿಲ್ಲಿಸಿದರೆ, ಬಲಗಾಲು ಒದ್ದೆ ಬಟ್ಟೆಯ ಹಾಗೆ ಕುಸಿಯಿತು. ಪೋಲಿಯೊ. ಅಮ್ಮ ಎಣ್ಣೆ ತಿಕ್ಕಿದರು, ಹರಕೆ ಹೊತ್ತರು. ಕಾಲು ಸಣ್ಣಗಾಗುತ್ತಲೇ ಹೋಯಿತು.

ಮರುವರ್ಷ, ಪೇಟೆಗೆ ಹೋಗಿಬಂದವರೊಬ್ಬರು ನಮ್ಮ ಜಗಲಿಯಲ್ಲಿ ಕೂತು, “ಪೋಲಿಯೊಗೆ ಔಷಧಿ ಕಂಡುಹಿಡಿದಿದ್ದಾರಂತೆ, ಪೇಪರಿನಲ್ಲಿ ಬಂದಿದೆ” ಎಂದರು. ಅಪ್ಪ ಒಂದು ಹಸು ಮಾರಿದರು. ತಮ್ಮನನ್ನು ಹೆಗಲ ಮೇಲೆ ಹೊತ್ತು, ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ ಹೊರಟರು. ಶಿವಮೊಗ್ಗದಲ್ಲಿ ಅವನಿಗೆ ಒಂದು ಜೊತೆ ಚಪ್ಪಲಿ ಕೊಂಡರು. ವಾಪಸ್ಸು ಬರುವಾಗ ನಡೆದುಕೊಂಡು ಬರುತ್ತಾನಲ್ಲ, ಅದಕ್ಕೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಆಮೇಲೆ, “ಯಜಮಾನ್ರೇ, ಅದು ಕಾಯಿಲೆ ಬರದ ಹಾಗೆ ತಡೆಯೋ ಚುಚ್ಚುಮದ್ದು. ಬಂದ ಮೇಲೆ ವಾಸಿ ಮಾಡೋದಲ್ಲ” ಎಂದರು. ಅಪ್ಪನಿಗೆ ಅರ್ಥವಾಗಲಿಲ್ಲ. “ಇನ್ನೊಂದು ಸಲ ಹೇಳಿ ಸ್ವಾಮಿ” ಎಂದರು. ಡಾಕ್ಟರು ಇನ್ನೊಂದು ಸಲ ಹೇಳಿದರು. ರೈಲಿನಲ್ಲಿ ವಾಪಸ್ಸು ಬರುವಾಗ ಅಪ್ಪ ಒಂದು ಮಾತೂ ಆಡಲಿಲ್ಲ.

ಇಲ್ಲಿ ಯಾರು ಸುಳ್ಳು ಹೇಳಿದರು? ಪೇಪರು ಓದಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ‘ತಡೆಯುತ್ತದೆ’ ಎನ್ನಬೇಕಾದ ಕಡೆ ‘ಔಷಧಿ’ ಎಂಬ ಒಂದು ಪದ ಬಂತು, ಅಷ್ಟೇ. ಆ ಒಂದು ಪದಕ್ಕೆ ನಮ್ಮ ಮನೆ ಒಂದು ಹಸುವನ್ನೂ ಒಂದು ಆಸೆಯನ್ನೂ ಕಳೆದುಕೊಂಡಿತು.

ಆ ಸುದ್ದಿ ಹುಟ್ಟಿದ್ದು ದೂರದ ಅಮೆರಿಕದಲ್ಲಿ. ಅದರ ಹಿಂದೆ ಇದ್ದದ್ದೂ ಒಂದು ದತ್ತಿಸಂಸ್ಥೆಯೇ. ಅಲ್ಲಿನ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರಿಗೆ 1921ರಲ್ಲಿ, 39ನೆಯ ವಯಸ್ಸಿನಲ್ಲಿ, ಎರಡು ಕಾಲುಗಳೂ ಸ್ವಾಧೀನ ತಪ್ಪಿದ್ದವು. ಅದು ಪೋಲಿಯೊ ಎಂದರು ಡಾಕ್ಟರುಗಳು. ಅವರೇ 1938ರ ಜನವರಿಯಲ್ಲಿ ಪೋಲಿಯೊ ವಿರುದ್ಧ ಒಂದು ಸಂಸ್ಥೆ ಕಟ್ಟಿದರು. ಎಡ್ಡಿ ಕ್ಯಾಂಟರ್ ಎಂಬ ಹಾಸ್ಯನಟ ರೇಡಿಯೊದಲ್ಲಿ, ಎಲ್ಲರೂ ಒಂದೊಂದು ಡೈಮ್ ನಾಣ್ಯವನ್ನು ನೇರವಾಗಿ ಅಧ್ಯಕ್ಷರಿಗೇ ಕಳಿಸಿ ಎಂದು ಕೇಳಿಕೊಂಡ. ಡೈಮ್ ಎಂದರೆ ಹತ್ತು ಸೆಂಟ್, ಡಾಲರಿನ ಹತ್ತನೇ ಒಂದು ಪಾಲು. ಈ ಅಭಿಯಾನಕ್ಕೆ ‘ಮಾರ್ಚ್ ಆಫ್ ಡೈಮ್ಸ್’ ಎಂದು ಹೆಸರಾಯಿತು. ಡೈಮ್‌ಗಳ ದಂಡಯಾತ್ರೆ ಎಂದುಕೊಳ್ಳಿ.

ಮುಂದಿನ ಸಂಗತಿ ನನ್ನಂಥ ಬ್ಯಾಂಕಿನವನಿಗೆ ಬಲು ರುಚಿ. ಶ್ವೇತಭವನಕ್ಕೆ ಅಂಚೆಯಲ್ಲಿ ಬಂದ ಡೈಮ್‌ಗಳು ಸುಮಾರು 26 ಲಕ್ಷ 80 ಸಾವಿರ! ಹಿಂದೆ ದೇವಸ್ಥಾನದ ಹುಂಡಿ ಎಣಿಸಲು ನಮ್ಮನ್ನು ಕಳಿಸುತ್ತಿದ್ದರು. ಚಾಪೆಯ ಮೇಲೆ ಚಿಲ್ಲರೆ ಸುರಿದುಕೊಂಡು ಸಂಜೆಯವರೆಗೆ ಎಣಿಸಿದರೆ ಬೆರಳ ತುದಿ ಕಪ್ಪಾಗಿ, ಬೆನ್ನು ಬಿಲ್ಲಾಗುತ್ತಿತ್ತು. ಆಗಿನ ಒಂದು ಡೈಮ್ ಎರಡೂವರೆ ಗ್ರಾಂ ತೂಗುತ್ತಿತ್ತು. ಹಾಗಾದರೆ ಬಂದ ನಾಣ್ಯಗಳ ತೂಕವೇ 6,700 ಕಿಲೋ! ಆ ಅಂಚೆಕೋಣೆಯ ಗುಮಾಸ್ತರನ್ನು ನೆನೆದರೆ ಈಗಲೂ ನನ್ನ ಬೆನ್ನು ನೋಯುತ್ತದೆ.

ಆ ಹಣವನ್ನು ಕೊಟ್ಟವರಲ್ಲಿ ದೊಡ್ಡ ಸಾಹುಕಾರರಿಗಿಂತ ಮಕ್ಕಳು, ತಾಯಂದಿರು, ಕೂಲಿ ಮಾಡುವವರೇ ಹೆಚ್ಚು. ವರ್ಷ ವರ್ಷವೂ ಅವರು ಕೊಡುತ್ತಲೇ ಬಂದರು. ಜೋನಾಸ್ ಸಾಕ್ ಎಂಬ ವಿಜ್ಞಾನಿ ಪಿಟ್ಸ್‌ಬರ್ಗ್‌ನಲ್ಲಿ ಪೋಲಿಯೊ ಲಸಿಕೆ ಸಿದ್ಧಪಡಿಸಿದ್ದು ಆ ಹಣದ ಬಲದಿಂದ. ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕಲ್ಲ? ನಿಮ್ಮ ಹಣದಿಂದ ಏನಾಯಿತು, ಏನು ಇನ್ನೂ ಆಗಿಲ್ಲ ಎಂದು ಹೇಳಬೇಕಲ್ಲ? 1950ರ ದಶಕದಲ್ಲಿ ಆ ಸಂಸ್ಥೆಯ ಪ್ರಚಾರ ವಿಭಾಗದ ಹೊಣೆ ಹೊತ್ತಿದ್ದವರು ಡೊರೊತಿ ಡ್ಯೂಕಸ್ ಎಂಬ ಪತ್ರಕರ್ತೆ. ನಮ್ಮ ಹುಡುಗಿ ಈಗ ಕೂತಿರುವಂಥ ಕುರ್ಚಿ ಅದು ಅನ್ನಬಹುದು.

ಆ ಕುರ್ಚಿ ಸುಲಭದ್ದಲ್ಲ. 1952ರಲ್ಲಿ ಅಮೆರಿಕದಲ್ಲಿ ಸುಮಾರು 58 ಸಾವಿರ ಜನಕ್ಕೆ ಪೋಲಿಯೊ ಬಂದಿತ್ತು. ಹೆದರಿಸಿದರೆ ಹಣ ಬೇಗ ಬರುತ್ತದೆ. ಆ ಸಂಸ್ಥೆಯೂ ಹೆದರಿಸದೆ ಬಿಡಲಿಲ್ಲ. ಅವರು ಮಾಡಿಸಿದ ಒಂದು ಕಿರುಚಿತ್ರದಲ್ಲಿ ಪೋಲಿಯೊ ಕರಿನೆರಳಾಗಿ ಊರೂರು ಸುತ್ತುತ್ತದೆ. ಆದರೆ ಅದೇ ಸಂಸ್ಥೆ, ಲಸಿಕೆಯನ್ನು ಪರೀಕ್ಷಿಸುವ ಕಾಲ ಬಂದಾಗ ಬೇರೊಂದು ಗುಣ ತೋರಿಸಿತು.

1954ರ ಏಪ್ರಿಲ್ 26ರಂದು ವರ್ಜೀನಿಯಾದ ಮೆಕ್ಲೀನ್ ಎಂಬ ಊರಿನ ಶಾಲೆಯಲ್ಲಿ ಪರೀಕ್ಷೆ ಶುರುವಾಯಿತು. ಒಟ್ಟು ಸುಮಾರು 18 ಲಕ್ಷ ಮಕ್ಕಳು, ಹೆಚ್ಚಿನವರು ಒಂದರಿಂದ ಮೂರನೇ ತರಗತಿಯವರು. ಕೆಲವರಿಗೆ ಲಸಿಕೆ. ಕೆಲವರಿಗೆ ಲಸಿಕೆಯ ಹಾಗೇ ಕಾಣುವ, ಆದರೆ ಲಸಿಕೆಯಲ್ಲದ ಬರೀ ದ್ರಾವಣ. ಉಳಿದವರಿಗೆ ಏನೂ ಇಲ್ಲ, ಗಮನಿಸುವುದಷ್ಟೇ. ಯಾವ ಸೀಸೆಯಲ್ಲಿ ಯಾವುದಿದೆ ಎಂದು ಚುಚ್ಚುವವರಿಗೂ ತಿಳಿಯದು, ಚುಚ್ಚಿಸಿಕೊಂಡವರಿಗೂ ತಿಳಿಯದು. ಸೀಸೆಯ ಮೇಲೆ ಗುಟ್ಟಿನ ಸಂಖ್ಯೆ ಮಾತ್ರ. ಯಾಕೆ ಹೀಗೆ? ಗೊತ್ತಿದ್ದರೆ ಮನಸ್ಸು ಒಂದು ಕಡೆಗೆ ವಾಲುತ್ತದೆ. ನಮ್ಮ ಬ್ಯಾಂಕಿನಲ್ಲೂ ವೋಚರ್ ಬರೆದವನೇ ಅದನ್ನು ಪಾಸು ಮಾಡುವಂತಿರಲಿಲ್ಲ, ಅದೇ ಕಾರಣಕ್ಕೆ.

ಇದನ್ನೆಲ್ಲ ಲಕ್ಷಾಂತರ ತಂದೆತಾಯಿಯರಿಗೆ ತಿಳಿಹೇಳಬೇಕಿತ್ತು. ‘ನಿಮ್ಮ ಮಗುವಿಗೆ ನಿಜವಾದ ಲಸಿಕೆ ಸಿಗದೇ ಇರಬಹುದು’ ಎಂದು ಹೇಳಿ, ಆದರೂ ಒಪ್ಪಿಸುವುದು ಚಿಕ್ಕ ಮಾತೇ? ಮಕ್ಕಳ ಕೈಯಲ್ಲಿ ಮನೆಗೆ ಕಳಿಸಿದ ಹಾಳೆಯಲ್ಲಿ ‘ನಾನು ಒಪ್ಪಿಗೆ ಕೊಡುತ್ತೇನೆ’ ಎಂದಿರಲಿಲ್ಲ, ‘ನನ್ನ ಮಗುವನ್ನು ಸೇರಿಸಿಕೊಳ್ಳಿ ಎಂದು ಕೋರುತ್ತೇನೆ’ ಎಂದಿತ್ತು. ಇದು ಜಾಣತನ ಎನ್ನುವವರೂ ಇದ್ದಾರೆ. ಇರಬಹುದು. ಒಂದು ಪದಕ್ಕೆ ಎಷ್ಟು ಬಲವಿದೆ ಎಂದು ಅವರಿಗೆ ತಿಳಿದಿತ್ತು ಎನ್ನುವುದಂತೂ ನಿಜ. ಆ ವರ್ಷದ ಒಂದು ಸಮೀಕ್ಷೆಯಲ್ಲಿ, ತಮ್ಮ ಅಧ್ಯಕ್ಷರ ಪೂರ್ತಿ ಹೆಸರು ಗೊತ್ತಿದ್ದವರಿಗಿಂತ ಈ ಲಸಿಕೆ ಪರೀಕ್ಷೆಯ ವಿಷಯ ಗೊತ್ತಿದ್ದವರೇ ಹೆಚ್ಚಾಗಿದ್ದರಂತೆ!

1955ರ ಏಪ್ರಿಲ್ 12ರಂದು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಫ್ರಾನ್ಸಿಸ್ ಎಂಬ ತಜ್ಞರು ಫಲಿತಾಂಶ ಓದಿದರು. ಪಾರ್ಶ್ವವಾಯು ತರುವ ಪೋಲಿಯೊವನ್ನು ಲಸಿಕೆ ನೂರಕ್ಕೆ 80ರಿಂದ 90ರಷ್ಟು ತಡೆಯುತ್ತದೆ ಎಂಬುದು ಅದರ ಸಾರ. ಆದರೆ ಅವರ ಉದ್ದದ ವರದಿಗೆ ಕಾಯುವ ತಾಳ್ಮೆ ಯಾರಿಗಿತ್ತು? ವರದಿಯ ಪ್ರತಿಗಳಿಗಾಗಿ ಪತ್ರಕರ್ತರು ಒಬ್ಬರ ಮೇಲೊಬ್ಬರು ಬಿದ್ದರು. ಚರ್ಚುಗಳ ಗಂಟೆ ಬಾರಿಸಿದವು, ಬೀದಿಯಲ್ಲಿ ಜನ ಅತ್ತರು, ನಕ್ಕರು. ಆ ಗದ್ದಲದಲ್ಲಿ ‘ನೂರಕ್ಕೆ 80ರಿಂದ 90’ ಎಂಬುದು ಹಿಂದೆ ಸರಿದು, ‘ಪೋಲಿಯೊ ಸೋತಿತು’ ಎಂಬುದು ಮುಂದೆ ಬಂತು. ಸುದ್ದಿ ಸಮುದ್ರ ದಾಟಿ, ಬಾಯಿಂದ ಬಾಯಿಗೆ ಹೋಗಿ, ಎರಡು ವರ್ಷದ ಮೇಲೆ ನಮ್ಮ ಜಗಲಿಗೆ ಬರುವಾಗ ಅದು ‘ಔಷಧಿ’ ಆಗಿತ್ತು.

ಹದಿನೈದು ದಿನ ಕಳೆಯುವುದರೊಳಗೆ ಕೆಟ್ಟ ಸುದ್ದಿಯೂ ಬಂತು. ಕ್ಯಾಲಿಫೋರ್ನಿಯಾದ ಕಟರ್ ಎಂಬ ಕಂಪನಿ ತಯಾರಿಸಿದ ಕೆಲವು ಲಸಿಕೆಗಳಲ್ಲಿ ವೈರಸ್ ಪೂರ್ತಿ ಸತ್ತಿರಲಿಲ್ಲ. ಸುಮಾರು 200 ಮಂದಿಗೆ ಕೈಕಾಲು ಸ್ವಾಧೀನ ತಪ್ಪಿತು, ಹತ್ತು ಮಂದಿ ತೀರಿಕೊಂಡರು. ಆಗ ಮುಚ್ಚಿಟ್ಟಿದ್ದರೆ? ಮುಚ್ಚಿಡಲಿಲ್ಲ. ಆ ಕಂಪನಿಯ ಲಸಿಕೆಯನ್ನು ಹಿಂದಕ್ಕೆ ತರಿಸಿದರು, ಕೆಲ ದಿನ ಇಡೀ ಕಾರ್ಯಕ್ರಮವನ್ನೇ ನಿಲ್ಲಿಸಿದರು, ತಯಾರಿಕೆಯ ನಿಯಮ ಬಿಗಿ ಮಾಡಿ ಮತ್ತೆ ಶುರುಮಾಡಿದರು. ಜನ ಹೆದರಿದರು, ಆದರೂ ಮರಳಿ ಬಂದರು. 1957ರ ಹೊತ್ತಿಗೆ ಅಲ್ಲಿ ವರ್ಷದ ಪೋಲಿಯೊ ಪ್ರಕರಣಗಳು ಆರು ಸಾವಿರಕ್ಕಿಂತ ಕೆಳಗಿಳಿದವು. 58 ಸಾವಿರವೆಲ್ಲಿ, ಆರು ಸಾವಿರವೆಲ್ಲಿ!

ಕಥೆ ಕೇಳಿದ ಮೊಮ್ಮಗ ರಾತ್ರಿ ಫೋನಿನಲ್ಲಿ ಅತ್ತೆಯನ್ನೇ ಕೇಳಿದ, “ನೀವು ದಿನಾ ಏನು ಮಾಡ್ತೀರಿ?” ಅಂತ. ಅವಳು ನಕ್ಕಳು. “ದಿನಾ ಒಂದು ಪದಕ್ಕೆ ಜಗಳ ಆಡ್ತೀನಿ ಪುಟ್ಟಾ. ನಿನ್ನೆ ‘ಇಲಿಗಳಲ್ಲಿ’ ಅನ್ನೋ ಪದಕ್ಕೆ ಆಡಿದೆ” ಎಂದಳು. ಒಂದು ಪ್ರಯೋಗದಲ್ಲಿ ಇಲಿಗಳ ಗೆಡ್ಡೆ ಚಿಕ್ಕದಾಗಿತ್ತಂತೆ. ದೇಣಿಗೆ ಸಂಗ್ರಹಿಸುವ ವಿಭಾಗದವರು ‘ಇಲಿಗಳಲ್ಲಿ’ ಎಂಬುದನ್ನು ತಲೆಬರಹದಿಂದ ತೆಗೆಯೋಣ, ಚೆನ್ನಾಗಿ ಕಾಣುತ್ತದೆ ಎಂದರಂತೆ. ಹಣ ಬರದಿದ್ದರೆ ಸಂಶೋಧನೆಯೇ ನಿಲ್ಲುತ್ತದೆ, ಅವರ ಮಾತೂ ಸುಳ್ಳಲ್ಲ. “ಆದ್ರೆ ದೊಡ್ಡಪ್ಪಾ, ಅದನ್ನ ಓದಿ ಯಾರೋ ಒಬ್ರು ಹಸು ಮಾರಿಬಿಟ್ರೆ?” ಎಂದಳು ನನ್ನ ಕಡೆ ತಿರುಗಿ. ಆ ಪದ ಉಳಿಯಿತಂತೆ.

ಈ ಪಾಠವನ್ನು ಅವಳು ಕಲಿತದ್ದು ಇಂಗ್ಲೆಂಡಿನಲ್ಲಲ್ಲ. ನಮ್ಮ ದೇಶದಲ್ಲಿ 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಯಿತಲ್ಲ, ಆಗ ನಮ್ಮೂರ ಶಾಲೆಯ ಬೂತಿನಲ್ಲಿ ನಾನೂ ತಮ್ಮನೂ ಸ್ವಯಂಸೇವಕರಾಗಿ ಕೂರುತ್ತಿದ್ದೆವು. ಮಕ್ಕಳ ಬೆರಳಿಗೆ ಶಾಯಿ ಗುರುತು ಹಾಕುವುದು ಅವಳ ಕೆಲಸ. ಆಗವಳಿಗೆ ಹನ್ನೆರಡು ವರ್ಷ. ತಮ್ಮನ ಊರುಗೋಲು ನೋಡಿ ಒಬ್ಬ ತಾಯಿ, “ಈ ಹನಿ ಹಾಕ್ಸಿದ್ರೆ ನಿಮ್ಮ ಕಾಲೂ ಸರಿಯಾಗತ್ತಾ ಅಣ್ಣಾ?” ಎಂದು ಕೇಳಿದಳು. ತಮ್ಮ ಹೇಳಿದ, “ಇಲ್ಲಮ್ಮ, ನನ್ನ ಕಾಲು ಇದ್ದ ಹಾಗೇ ಇರುತ್ತೆ. ನಿನ್ನ ಮಗುವಿನ ಕಾಲು ಹೀಗಾಗದ ಹಾಗೆ ತಡೆಯೋಕೆ ಇದು. ಒಂದು ಸಲ ಹಾಕಿಸಿದ್ರೆ ಸಾಲದು, ಕರೆದಾಗೆಲ್ಲ ಕರ್ಕೊಂಡು ಬಾ.” ಆ ತಾಯಿ ಪ್ರತಿ ಸುತ್ತಿಗೂ ಬಂದಳು.

ನಮ್ಮ ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಮರುದಿನ ಪೇಪರು ಓದಿದ ತಮ್ಮ ಅದನ್ನು ಮಡಿಸಿ, ಅಪ್ಪನ ಫೋಟೋದ ಹಿಂದೆ ಸಿಕ್ಕಿಸಿದ. ಅದು ಈಗಲೂ ಅಲ್ಲೇ ಇದೆ.

ಮೊಮ್ಮಗ ಹಾಳೆಯಲ್ಲಿ ಕೊನೆಗೆ ಏನು ಬರೆದ ಗೊತ್ತೇ? ‘ನಮ್ಮ ಅತ್ತೆ ವಿಜ್ಞಾನಿಗಳು ಹೇಳಿದ್ದನ್ನು ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ ಜನರಿಗೆ ಹೇಳುತ್ತಾರೆ.’ ಬ್ಯಾಂಕಿನಲ್ಲಿ ಇದನ್ನು ನಾವು ‘ಲೆಕ್ಕ ತಾಳೆಯಾಯಿತು’ ಎನ್ನುತ್ತಿದ್ದೆವು.

ಈ ವಾರದ ಲೆಕ್ಕ: 26 ಲಕ್ಷ 80 ಸಾವಿರ ಡೈಮ್‌ಗಳೆಂದರೆ ಎಷ್ಟು ಡಾಲರ್? ಕಾಗದ ಪೆನ್ಸಿಲ್ ಇಲ್ಲದೆ ಬಾಯಲ್ಲೇ ಹೇಳಬೇಕು. ಅಜ್ಜ ಅಜ್ಜಿಯರೇ, ನೀವು ಹೇಳಿಕೊಡಬೇಡಿ. ಅದರ ಬದಲು ನಿಮ್ಮ ಕಾಲದಲ್ಲಿ ಊರಿಗೆ ಬಂದ ಕಾಯಿಲೆ, ಹಾಕಿಸಿಕೊಂಡ ಚುಚ್ಚುಮದ್ದು, ಹೆದರಿಸಿದ ಗಾಳಿಸುದ್ದಿಗಳನ್ನು ಮೊಮ್ಮಕ್ಕಳಿಗೆ ಹೇಳಿ. ನಡೆದದ್ದನ್ನು ನಡೆದಷ್ಟೇ ಹೇಳಿ.