ಡಬ್ಬಿಂಗ್ ಬಂದ ಮೇಲೆ ರಿಮೇಕ್ ಯಾರಿಗೆ ಬೇಕು?

ನಾಲ್ಕು ಜನ ಸಿನಿಮಾಪ್ರಿಯರು ಸೇರಿದ ಕಡೆ ‘ನೀವು ನೋಡಿದ ಅತಿ ಕೆಟ್ಟ ಹಿಂದಿ ಚಿತ್ರ ಯಾವುದು?’ ಎಂದು ಕೇಳಿ ನೋಡಿ. ಸ್ವಲ್ಪ ಹೊತ್ತಿನಲ್ಲೇ ‘ರಾಮ್ ಗೋಪಾಲ್ ವರ್ಮಾ ಕೀ ಆಗ್’ ಹೆಸರು ಬರುತ್ತದೆ. 2007ರ ಆಗಸ್ಟ್ ಕೊನೆಯಲ್ಲಿ ತೆರೆಕಂಡ ಈ ಚಿತ್ರ, ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ಯ (1975) ರಿಮೇಕ್. ಅಲ್ಲಿ ಜೈ ಆಗಿದ್ದ ಅಮಿತಾಭ್ ಬಚ್ಚನ್ ಇಲ್ಲಿ ಗಬ್ಬರ್‌ನ ಜಾಗದಲ್ಲಿ ಬಬ್ಬನ್ ಆದರು. ಚಿತ್ರ ಮಕಾಡೆ ಮಲಗಿತು. ಮೂಲ ಚಿತ್ರದ ಹಕ್ಕುದಾರರು ಹೂಡಿದ್ದ ಮೊಕದ್ದಮೆಯಲ್ಲಿ 10 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ 2015ರಲ್ಲಿ ದೆಹಲಿ ಹೈಕೋರ್ಟ್ ಆದೇಶವನ್ನೂ ನೀಡಿತು.

ಇದಕ್ಕಿಂತ ಕಳಪೆ ಚಿತ್ರಗಳು ಬಂದೇ ಇಲ್ಲವೇ? ಧಾರಾಳವಾಗಿ ಬಂದಿವೆ, ಈಗಲೂ ಬರುತ್ತಿವೆ. ಶುಕ್ರವಾರ ಬಂದು ಸೋಮವಾರ ಹೋಗುವ ಆ ಚಿತ್ರಗಳನ್ನು ಯಾರೂ ದ್ವೇಷಿಸುವುದಿಲ್ಲ, ಮರೆತುಬಿಡುತ್ತಾರೆ ಅಷ್ಟೆ. ರಿಮೇಕ್ ಮೇಲೆ ಸಿಟ್ಟು ಬರುವುದು ಪ್ರೇಕ್ಷಕನ ತಲೆಯಲ್ಲಿ ಮೂಲ ಚಿತ್ರ ಅದಾಗಲೇ ಓಡುತ್ತಿರುವುದರಿಂದ. ಹಾಗೆಂದು ಎಲ್ಲ ದ್ವೇಷಕ್ಕೂ ಸಿನಿಮಾವೇ ಕಾರಣ ಎನ್ನಲಾಗದು. 2022ರ ‘ಲಾಲ್ ಸಿಂಗ್ ಚಡ್ಡಾ’ ಬಿಡುಗಡೆಗೆ ಮೊದಲೇ ಬಹಿಷ್ಕಾರದ ಕೂಗು ಎದುರಿಸಿತು. ಆ ಕೂಗಿಗೆ ಮೂಲವಾದ ‘ಫಾರೆಸ್ಟ್ ಗಂಪ್’ (1994) ಜತೆಗಿನ ಹೋಲಿಕೆಗಿಂತ ಆಮಿರ್ ಖಾನ್ 2015ರಲ್ಲಿ ಆಡಿದ್ದ ಮಾತುಗಳೇ ಹೆಚ್ಚು ಕಾರಣ. ಚಿತ್ರ ನೋಡದವರೇ ಹೆಚ್ಚು ಬೈದರು.

ಆದರೆ ಅದೇ ವರ್ಷ ಬೇರೊಂದು ಸಂಗತಿಯೂ ನಡೆಯಿತು. ತೆಲುಗಿನ ‘ಜೆರ್ಸಿ’ಯ ಹಿಂದಿ ರಿಮೇಕ್ 2022ರ ಏಪ್ರಿಲ್ 14ಕ್ಕೆ ಬರಬೇಕಿತ್ತು. ಅಂದು ‘ಕೆಜಿಎಫ್-2’ ಇದ್ದ ಕಾರಣ ಒಂದು ವಾರ ಮುಂದಕ್ಕೆ ಹೋಯಿತು, ಹೋದರೂ ಉಳಿಯಲಿಲ್ಲ. ಸೆಪ್ಟೆಂಬರ್ 30ರಂದು ಹೃತಿಕ್ ರೋಷನ್, ಸೈಫ್ ಅಲಿ ಖಾನ್ ಜೋಡಿಯ ‘ವಿಕ್ರಮ್ ವೇದಾ’ ತೆರೆಗೆ ಬಂತು. ತಮಿಳಿನ ಮೂಲ ಚಿತ್ರವನ್ನು ನಿರ್ದೇಶಿಸಿದ್ದ ಪುಷ್ಕರ್-ಗಾಯತ್ರಿ ಅವರೇ ಹಿಂದಿಯಲ್ಲೂ ನಿರ್ದೇಶಿಸಿದ್ದರು. ಅದೇ ದಿನ ಕನ್ನಡದಲ್ಲಿ ‘ಕಾಂತಾರ’ ಬಿಡುಗಡೆಯಾಯಿತು. ಎರಡು ವಾರ ಕಳೆದು ಅದರ ಹಿಂದಿ ಡಬ್ಬಿಂಗ್ ಬಂತು. ಮುಂದೆ ಏನಾಯಿತೆಂದು ಮುಂಬೈ, ಪುಣೆ, ದೆಹಲಿಯ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಭೂತಕೋಲ ಎಂದರೇನೆಂದು ಹಿಂದಿ ಸಹೋದ್ಯೋಗಿಗಳಿಗೆ ಕ್ಯಾಂಟೀನಿನಲ್ಲಿ ಕೂತು ವಿವರಿಸಿದವರು ನಾವೇ ತಾನೆ!

ಆಮೇಲೆ ಸೋಲಿನ ಸಾಲೇ ಬಂತು. ‘ಶೆಹಜಾದಾ’ (2023), ‘ಸೆಲ್ಫಿ’ (2023), ‘ಸರ್ಫಿರಾ’ (2024), ‘ಬೇಬಿ ಜಾನ್’ (2024). ‘ಶೆಹಜಾದಾ’ದ ಕಥೆ ಸ್ವಾರಸ್ಯಕರ. ಅದರ ಮೂಲವಾದ ತೆಲುಗಿನ ‘ಅಲ ವೈಕುಂಠಪುರಮುಲೋ’ದ ಹಿಂದಿ ಡಬ್ಬಿಂಗ್ ಒಂದು ವರ್ಷ ಮೊದಲೇ ಟಿವಿಯಲ್ಲಿ ಪ್ರಸಾರವಾಗಿತ್ತು. ಅಲ್ಲು ಅರ್ಜುನ್ ನಟಿಸಿದ್ದನ್ನು ಮನೆಯಲ್ಲೇ ಪುಕ್ಕಟೆ ನೋಡಿದವನು, ಅದೇ ಕಥೆಗೆ ಮಲ್ಟಿಪ್ಲೆಕ್ಸ್‌ನಲ್ಲಿ ಮತ್ತೆ ದುಡ್ಡು ಕೊಡುತ್ತಾನೆಯೇ? ‘ದೃಶ್ಯಂ 2’ ಹಿಂದಿಯಲ್ಲಿ (2022) ದೊಡ್ಡ ಗೆಲುವು ಕಂಡಿತಲ್ಲ ಎಂದು ಕೇಳಬಹುದು. ನಿಜ. ಆದರೆ ಹಿಂದಿ ಪ್ರೇಕ್ಷಕನಿಗೆ ಅದು 2015ರಿಂದ ಪರಿಚಿತವಾಗಿದ್ದ ಕುಟುಂಬದ ಮುಂದುವರಿದ ಕಥೆ. ಅವನ ಮಟ್ಟಿಗೆ ಅಜಯ್ ದೇವಗನ್ ಅವರದೇ ಮೂಲ.

ರಿಮೇಕ್ ಬದುಕಿದ್ದು ಒಂದೇ ಕಾರಣಕ್ಕೆ: ಮೂಲ ಚಿತ್ರ ಪ್ರೇಕ್ಷಕನ ಕೈಗೆ ಸಿಗುತ್ತಿರಲಿಲ್ಲ. ಇದನ್ನು ಕನ್ನಡಿಗರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. 1960ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಮಾಡುವುದಕ್ಕೆ ಅಲಿಖಿತ ನಿಷೇಧವಿತ್ತು. ಆ ಕಾಲಕ್ಕೆ ಅದರ ಅಗತ್ಯವೂ ಇತ್ತು. ಕನ್ನಡ ಚಿತ್ರೋದ್ಯಮ ಕಣ್ಣು ಬಿಡುವ ಹೊತ್ತಿನಲ್ಲಿ ಮದ್ರಾಸಿನ ದೊಡ್ಡ ಬಂಡವಾಳದ ಎದುರು ನಿಲ್ಲಬೇಕಿತ್ತು. ಆದರೆ ಬಾಗಿಲು ಹಾಕಿದ ಮನೆಯೊಳಗೆ ರಿಮೇಕ್ ಸೊಂಪಾಗಿ ಬೆಳೆಯಿತು. ‘ಚಿನ್ನ ತಂಬಿ’ ನಮಗೆ ‘ರಾಮಾಚಾರಿ’ ಆಯಿತು, ‘ವಾನತ್ತೈಪೋಲ’ ‘ಯಜಮಾನ’ ಆಯಿತು, ‘ಸೇತು’ ‘ಹುಚ್ಚ’ ಆಯಿತು. ಸ್ವಂತ ಕಥೆಯ ಚಿತ್ರಕ್ಕೆ ‘ಸ್ವಮೇಕ್’ ಎಂಬ ಪದವನ್ನೇ ಹುಟ್ಟಿಸಿಕೊಳ್ಳಬೇಕಾಯಿತು ಎಂದರೆ ಯಾವುದು ರೂಢಿ, ಯಾವುದು ಅಪವಾದ ಎಂದು ತಿಳಿಯುತ್ತದೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಕಾನೂನುಬಾಹಿರ ಎಂದು ಹೇಳಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೂ ದಂಡ ವಿಧಿಸಿದ ಮೇಲೆ ಲೆಕ್ಕ ಬದಲಾಯಿತು.

ಈ ಕೊಡು-ಕೊಳ್ಳುವಿಕೆಯಲ್ಲಿ ನಗು ತರಿಸುವ ಪ್ರಸಂಗಗಳೂ ಇವೆ. ಪುಟ್ಟಣ್ಣ ಕಣಗಾಲ್ 1969ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಅರ್ಧಾಂಗಿ’ ಕಾದಂಬರಿಯಿಂದ ‘ಮಲ್ಲಮ್ಮನ ಪವಾಡ’ ಮಾಡಿದರು. ಆ ಕಥೆ ತಮಿಳಿನಲ್ಲಿ ‘ಎಂಗ ಚಿನ್ನ ರಾಸಾ’ ಆಗಿ, ಹಿಂದಿಯಲ್ಲಿ ಅನಿಲ್ ಕಪೂರ್, ಮಾಧುರಿ ದೀಕ್ಷಿತ್ ಅವರ ‘ಬೇಟಾ’ (1992) ಆಗಿ, ಮರುವರ್ಷ ರವಿಚಂದ್ರನ್ ಅವರ ‘ಅಣ್ಣಯ್ಯ’ ಆಗಿ ಕನ್ನಡಕ್ಕೇ ವಾಪಸಾಯಿತು. ನಮ್ಮ ಮನೆಯ ಪಾತ್ರೆಯನ್ನೇ ನಾವು ಸಂತೆಯಲ್ಲಿ ಕೊಂಡು ತಂದ ಹಾಗೆ.

ಹಾಗಾದರೆ ರಿಮೇಕ್ ಎಂಬುದೇ ದಂಡವೇ? ಇಲ್ಲ ಎನ್ನಲು ‘ಆಪ್ತಮಿತ್ರ’ (2004) ಒಂದೇ ಸಾಕು. ಮಲಯಾಳದ ‘ಮಣಿಚಿತ್ರತಾಳ್’ (1993) ಚಿತ್ರದಲ್ಲಿ ಕೇರಳದ ಹಳೆಯ ತರವಾಡು ಮನೆಯನ್ನು ಕಾಡುವ ನಾಗವಲ್ಲಿ ತಂಜಾವೂರಿನಿಂದ ಬಂದ ತಮಿಳು ನರ್ತಕಿ. ಪಿ. ವಾಸು ಅದನ್ನು ಕನ್ನಡಕ್ಕೆ ತರುವಾಗ ನಾಗವಲ್ಲಿ ತೆಲುಗಿನವಳಾದಳು. ಮುಂದೆ ಅವರೇ ತಮಿಳಿನಲ್ಲಿ ಮಾಡಿದ ‘ಚಂದ್ರಮುಖಿ’ಯಲ್ಲೂ (2005) ಆಕೆ ತೆಲುಗಿನವಳು. ಪ್ರಿಯದರ್ಶನ್ ಹಿಂದಿಗೆ ಒಯ್ದಾಗ ‘ಭೂಲ್ ಭುಲಯ್ಯಾ’ದ (2007) ಮಂಜುಲಿಕಾ ಬಂಗಾಳಿಯಾದಳು. ಅರಮನೆಯಲ್ಲಿ ಬಂಧಿಯಾದ ಹೆಣ್ಣು ನಮ್ಮ ಭಾಷೆ ಆಡದವಳು, ಆದರೆ ತೀರಾ ದೂರದವಳೂ ಅಲ್ಲ ಎಂಬುದು ಆ ಕಥೆಯ ಜೀವಾಳ. ಪ್ರತಿ ರಿಮೇಕೂ ‘ಇಲ್ಲಿ ಪಕ್ಕದ ಮನೆಯ ಭಾಷೆ ಯಾವುದು?’ ಎಂದು ಮೊದಲು ಕೇಳಿಕೊಂಡಿತು. ಡಬ್ಬಿಂಗ್‌ನಿಂದ ಈ ಕೆಲಸ ಆಗುತ್ತಿರಲಿಲ್ಲ. ‘ಮಣಿಚಿತ್ರತಾಳ್’ ಮೇಲೆಂದು ಹೇಳುವವರು ಬೇಕಾದಷ್ಟಿದ್ದಾರೆ, ನನಗೂ ಹಾಗೇ ಅನಿಸುತ್ತದೆ. ಆದರೂ ವಿಷ್ಣುವರ್ಧನ್ ಅವರನ್ನೂ, ಬಿಡುಗಡೆಗೆ ಮುನ್ನವೇ ತೀರಿಹೋದ ಸೌಂದರ್ಯ ಅವರನ್ನೂ ಬಿಟ್ಟು ಆ ಕಥೆಯನ್ನು ಕನ್ನಡಿಗರಿಗೆ ನೆನೆಯಲಾಗುವುದಿಲ್ಲ.

ಇದಕ್ಕೆ ವಿರುದ್ಧ ಉದಾಹರಣೆ ನಾಗರಾಜ ಮಂಜುಳೆ ಅವರ ‘ಸೈರಾಟ್’ (2016). ಕನ್ನಡ ಮಾತು ಇಂದಿಗೂ ಕೇಳಿಬರುವ ಸೊಲ್ಲಾಪುರ ಜಿಲ್ಲೆಯ ಕರಮಾಳದ ಕಥೆ ಅದು. ಆರ್ಚಿ ಪಾಟೀಲ ಮನೆತನದವಳು, ಪರ್ಶ್ಯಾ ಕೆಳಜಾತಿಯ ಬಡ ಹುಡುಗ. ಕೊನೆಯ ದೃಶ್ಯದಲ್ಲಿ ಹರಿಯುವ ರಕ್ತಕ್ಕೆ ಜಾತಿಯೇ ಕಾರಣ. ಹಿಂದಿಯ ‘ಧಡಕ್’ (2018) ಕಥೆಯನ್ನು ಉದಯಪುರಕ್ಕೆ ಒಯ್ದು, ಅರಮನೆ, ಕೆರೆ ಎಲ್ಲವನ್ನೂ ಚೆಂದವಾಗಿ ತೋರಿಸಿತು. ಜಾತಿಯ ಮಾತನ್ನು ಮಾತ್ರ ಬಾಯಿಯೊಳಗೇ ನುಂಗಿತು. ಕನ್ನಡದ ‘ಮನಸು ಮಲ್ಲಿಗೆ’ಯಲ್ಲಿ (2017) ರಿಂಕು ರಾಜಗುರು ಅವರೇ ನಾಯಕಿ. ಆದರೂ ಮೂಲದ ಬಿಸಿ ಇಲ್ಲಿ ತಟ್ಟಲಿಲ್ಲ. ಒಂದು ಊರಿನ ಗಾಯವನ್ನು ಇನ್ನೊಂದು ಊರಿಗೆ ಒಯ್ಯುವವರು ಆ ಊರಿನಲ್ಲಿ ಅದೇ ಗಾಯ ಎಲ್ಲಿದೆ ಎಂದು ಹುಡುಕಬೇಕು. ಹುಡುಕುವ ತೊಂದರೆ ಬೇಡವೆಂದರೆ ಡಬ್ಬಿಂಗೇ ವಾಸಿ.

ಇಷ್ಟಾದರೂ ರಿಮೇಕ್ ಸತ್ತರೆ ಹಬ್ಬ ಮಾಡಬೇಕು ಎನ್ನುವವರ ಜತೆ ನಾನಿಲ್ಲ. ‘ಕೆಜಿಎಫ್’, ‘ಕಾಂತಾರ’ ಹಲವು ಭಾಷೆಗಳಲ್ಲಿ ಒಟ್ಟಿಗೆ ಹೋಗುತ್ತವೆ, ಸರಿ. ಸಣ್ಣ ಚಿತ್ರಗಳ ಗತಿ ಏನು? ಪ್ರೇಕ್ಷಕರಿಂದಲೇ ಹಣ ಸಂಗ್ರಹಿಸಿ ಪವನ್ ಕುಮಾರ್ ಮಾಡಿದ ‘ಲೂಸಿಯಾ’ (2013) ತಮಿಳಿನಲ್ಲಿ ‘ಎನಕ್ಕುಳ್ ಒರುವನ್’ ಆಯಿತು. ಅವರದೇ ‘ಯೂ ಟರ್ನ್’ (2016) ಮಲಯಾಳ, ತಮಿಳು, ತೆಲುಗು, ಹಿಂದಿ ಎಲ್ಲ ಕಡೆ ಓಡಾಡಿತು. ದೊಡ್ಡ ನಟರಿಲ್ಲದ ಚಿತ್ರದ ನಿರ್ಮಾಪಕನಿಗೆ ರಿಮೇಕ್ ಹಕ್ಕು ಎಂದರೆ ಹಾಕಿದ ದುಡ್ಡು ವಾಪಸ್ ಬರುವ ಒಂದು ದಾರಿ. ಮುಂದಿನ ಚಿತ್ರಕ್ಕೆ ಕೈಹಾಕುವ ಧೈರ್ಯ.

ಆ ದಾರಿ ಮುಚ್ಚುತ್ತಿದ್ದರೆ ಅದರ ಬದಲಿಗೆ ಒಟಿಟಿ ಇರಬೇಕಿತ್ತು. ಆದರೆ ಕನ್ನಡದ ಮಟ್ಟಿಗೆ ಒಟಿಟಿಗಳ ಕೈ ಬಿಗಿ. ರಕ್ಷಿತ್ ಶೆಟ್ಟಿ ಅವರ ಸಂಸ್ಥೆಯ ‘ಏಕಂ’ ವೆಬ್ ಸರಣಿಯನ್ನು ಯಾವ ವೇದಿಕೆಯೂ ಕೊಳ್ಳದೆ, 2024ರಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಹೆಸರಿದ್ದವರ ಪಾಡೇ ಹೀಗಾದರೆ ಹೊಸಬರ ಪಾಡೇನು? ಹೊರನಾಡಿನ ನಮಗೆ ಇದು ಗೊತ್ತಿಲ್ಲದ್ದೇನಲ್ಲ. ಠಾಣೆಯಲ್ಲೋ ಪಿಂಪ್ರಿಯಲ್ಲೋ ಇರುವವರು ಸಣ್ಣ ಕನ್ನಡ ಚಿತ್ರದ ಒಂದು ಬೆಳಗಿನ ಆಟಕ್ಕಾಗಿ ಊರಿನ ಇನ್ನೊಂದು ಮೂಲೆಗೆ ಹೋಗಬೇಕು. ಮುಂದಿನ ವಾರ ಅದೂ ಇರುವುದಿಲ್ಲ. ಡಬ್ಬಿಂಗ್ ಮಾಡಿಸಲು ದುಡ್ಡಿಲ್ಲದ, ರಿಮೇಕ್‌ಗೆ ಕೇಳುವವರಿಲ್ಲದ ಕಥೆ ಕರ್ನಾಟಕದ ಗಡಿ ದಾಟುವುದು ಹೇಗೆ?

ಮೇಲೆ ಹೆಸರಿಸಿದ ‘ಸರ್ಫಿರಾ’ ಈ ಕಾರಣಕ್ಕೇ ನನ್ನನ್ನು ಹೆಚ್ಚು ಕಾಡಿದ್ದು. ಕಡಿಮೆ ದರದ ವಿಮಾನ ಸಂಸ್ಥೆ ಕಟ್ಟಿದ, ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಆತ್ಮಕಥೆ ಇದರ ಮೂಲ. ಸುಧಾ ಕೊಂಗರ ಮೊದಲು ತಮಿಳಿನಲ್ಲಿ ‘ಸೂರರೈ ಪೋಟ್ರು’ (2020) ಮಾಡಿದಾಗ ನಾಯಕ ಮದುರೆ ಕಡೆಯ ಹಳ್ಳಿಯವನಾದ. ಹಿಂದಿಗೆ ಬಂದಾಗ ಮಹಾರಾಷ್ಟ್ರದ ಮ್ಹಾತ್ರೆಯಾದ. ಗೊರೂರಿನವರ ಕಥೆ ಕನ್ನಡಕ್ಕೆ ಬಂದದ್ದು ತಮಿಳಿನ ಡಬ್ಬಿಂಗ್ ಮೂಲಕ.

‘ಸರ್ಫಿರಾ’ ನೋಡಿ ಬಂದ ಪುಣೆಯ ಮರಾಠಿ ಗೆಳೆಯನೊಬ್ಬ, ಇದು ತಮ್ಮ ಕಡೆಯವರದೇ ಕಥೆ ಎಂದು ನಂಬಿದ್ದ. ಅಲ್ಲಪ್ಪಾ, ಅವರು ನಮ್ಮ ಗೊರೂರಿನವರು ಎಂದೆ. ‘ಹೌದಾ? ಹಾಗಾದರೆ ಕನ್ನಡದಲ್ಲಿ ಆ ಪಾತ್ರ ಯಾರು ಮಾಡಿದ್ದು?’ ಎಂದು ಕೇಳಿದ. ನಾನು ಚಹಾ ತರಿಸಿದೆ.