ಸನ್ಮಾನ ಆಯ್ತು, ಮೊದಲ ವರ್ಷ ದಾಟಿಸೋದು ಯಾರು?



ಪಿಯುಸಿ ರಿಸಲ್ಟ್ ಬಂದಾಗ ನಮ್ಮ ಕೇರಿಗಳಲ್ಲಿ ಫ್ಲೆಕ್ಸ್ ಏಳುತ್ತೆ. ಪ್ರತಿಭಾ ಪುರಸ್ಕಾರ ನಡೆಯುತ್ತೆ. ಶಾಲು, ಹಾರ, ಬಾಬಾಸಾಹೇಬರ ಫೋಟೋ, ಜೊತೆಗೊಂದು ಸೆಲ್ಫಿ. ಇದೆಲ್ಲ ಬೇಕು, ತಪ್ಪೇನಿಲ್ಲ. ನಾನೂ ಇಂಥ ಎಷ್ಟೋ ಕಾರ್ಯಕ್ರಮಗಳಿಗೆ ಕುರ್ಚಿ ಜೋಡಿಸಿದ್ದೀನಿ. ಆದರೆ ಹಾರ ಹಾಕಿಸಿಕೊಂಡ ಆ ಹುಡುಗ, ಆ ಹುಡುಗಿ ಡಿಗ್ರಿಗೆ ಸೇರಿ ಎರಡನೇ ಸೆಮಿಸ್ಟರ್ ಪರೀಕ್ಷೆಗೆ ಕೂತರಾ, ಇಲ್ಲ ಮಧ್ಯದಲ್ಲೇ ಗಾರೆ ಕೆಲಸಕ್ಕೋ ಗಾರ್ಮೆಂಟ್ಸ್‌ಗೋ ಹೋದರಾ ಅಂತ ನಮ್ಮಲ್ಲಿ ಎಷ್ಟು ಜನ ವಿಚಾರಿಸ್ತೀವಿ?

ನಾನು ಕಂಡ ಮಟ್ಟಿಗೆ ನಮ್ಮ ಮಕ್ಕಳು ಕಾಲೇಜಿನಿಂದ ಉದುರೋದು ಕೊನೇ ವರ್ಷದಲ್ಲಿ ಅಲ್ಲ, ಮೊದಲ ವರ್ಷದಲ್ಲಿ. ಬುದ್ಧಿ ಕಮ್ಮಿಯಾಗಿ ಅಲ್ಲ. ಅಪ್ಪ, ಚಿಕ್ಕಪ್ಪ, ಅತ್ತೆ ಡಿಗ್ರಿ ಓದಿದ ಮನೆಗಳಲ್ಲಿ ಕೆಲವು ವಿಷಯ ಊಟದ ಹೊತ್ತಲ್ಲೇ ಮಕ್ಕಳ ಕಿವಿಗೆ ಬಿದ್ದಿರುತ್ತೆ. ಅಟೆಂಡೆನ್ಸ್ ಎಷ್ಟಿರಬೇಕು, ಇಂಟರ್ನಲ್ ಅಂದ್ರೆ ಏನು, ಯಾವ ಅರ್ಜಿಗೆ ಯಾವಾಗ ಕೊನೇ ದಿನ, ಮೇಷ್ಟ್ರನ್ನ ಹೇಗೆ ಕೇಳಬೇಕು. ಅದೂ ಒಂದು ಆಸ್ತಿ. ಹೊಲ, ಮನೆ ಥರ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರೋ ಆಸ್ತಿ. ಇರೋರು ಅದನ್ನ ‘ಮೆರಿಟ್’ ಅಂತ ಕರೀತಾರೆ. ನಮ್ಮ ಮನೆಗಳಲ್ಲಿ ಆ ಪಿತ್ರಾರ್ಜಿತ ಇಲ್ಲ. ಹಾಗಾಗಿ ನಾವೇ ಅದನ್ನ ಹಂಚಬೇಕು.

ನಾನು ಬಿಎ ಓದಿದ ಗುಮಾಸ್ತ. ಕೌಂಟರಿನ ಆಚೆ ನಿಂತು ಬೈಸಿಕೊಂಡೂ ಗೊತ್ತು, ಈಚೆ ಕೂತು ಕಾಗದ ತಗೊಂಡೂ ಗೊತ್ತು. ಈ ವರ್ಷ ಸೇರಿರೋ ಮಕ್ಕಳಿಗೆ ಅದರಲ್ಲಿ ಕೆಲವು ಮಾತು ಹೇಳ್ತೀನಿ. ಆಮೇಲೆ ನಮ್ಮ ಸಂಘಟನೆಯವರಿಗೂ ಒಂದು ಮಾತು ಇದೆ.

ಒಂದು: ಕಾಗದ

ನಂಬರ್ ಬೀಳದ ಕಾಗದ ಕಚೇರಿ ಪಾಲಿಗೆ ಹುಟ್ಟೇ ಇಲ್ಲ. ಇದನ್ನ ಎದೆ ಮೇಲೆ ಬರ್ಕೊಳ್ಳಿ. ಯಾವ ಅರ್ಜಿ ಕೊಟ್ಟರೂ ಎರಡು ಪ್ರತಿ ಮಾಡಿ. ಒಂದನ್ನ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸ್ಕೊಳ್ಳಿ. ‘ಇಟ್ಟು ಹೋಗು, ನೋಡ್ತೀನಿ’ ಅಂದ್ರೆ ‘ಸ್ವೀಕೃತಿ ಕೊಡಿ ಸಾರ್’ ಅಂತ ಮರ್ಯಾದೆಯಿಂದಲೇ ಕೇಳಿ, ಅಲ್ಲೇ ನಿಂತ್ಕೊಳ್ಳಿ. ಬೈ ಅನ್ನೋ ಮಾತಿಗೆ ಸಾಕ್ಷಿ ಇಲ್ಲ, ಸೀಲಿಗೆ ಇದೆ. ನಾಡಕಚೇರಿಯಲ್ಲಿ ಜಾತಿ, ಆದಾಯ ಪತ್ರಕ್ಕೆ ಅರ್ಜಿ ಹಾಕಿದಾಗ ಸಕಾಲದ ಜಿಎಸ್‌ಸಿ ನಂಬರ್ ಕೊಡ್ತಾರೆ. ಆ ಚೀಟಿ ಎಸೀಬೇಡಿ. ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಮೊಬೈಲಲ್ಲಿ ಸೇವ್ ಮಾಡಿ, ಸ್ಕಾಲರ್‌ಶಿಪ್‌ಗೂ ಹಾಸ್ಟೆಲ್ಲಿಗೂ ಅದನ್ನೇ ಕೇಳ್ತಾರೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿ. ಒಂದು ಇನಿಷಿಯಲ್ ಹೆಚ್ಚುಕಮ್ಮಿ ಆದ್ರೂ ದುಡ್ಡು ನಿಂತೋಗುತ್ತೆ. ಮೂಲ ಅಂಕಪಟ್ಟಿಗಳನ್ನ ಕಾಲೇಜು ನೋಡಿ ವಾಪಸ್ ಕೊಡಬೇಕು, ತನ್ನ ಹತ್ರ ಇಟ್ಕೋಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ‘ಫೀಸ್ ಕಟ್ಟಿ ತಗೊಂಡು ಹೋಗು’ ಅನ್ನೋರಿಗೆ ಇದನ್ನ ನೆನಪಿಸಿ.

ಎರಡು: ದುಡ್ಡು

ಬಾಬಾಸಾಹೇಬರೂ ಸ್ಕಾಲರ್‌ಶಿಪ್ ಮೇಲೆ ಓದಿದವರೇ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿದ್ದಾಗ ಬರೋಡಾದ ಮಹಾರಾಜರು ತಿಂಗಳಿಗೆ 25 ರೂಪಾಯಿ ಕೊಡ್ತಿದ್ರು. 1917ರಲ್ಲಿ ಆ ನೆರವಿನ ಅವಧಿ ಮುಗಿದಾಗ ಲಂಡನ್ನಿನ ಓದು ಅರ್ಧಕ್ಕೇ ಬಿಟ್ಟು ವಾಪಸ್ ಬರಬೇಕಾಯ್ತು. 1920ರಲ್ಲಿ ಮತ್ತೆ ಹೋಗಿ ಓದು ಮುಗಿಸಿದರು. ಅಂಥವರ ಓದನ್ನೇ ನಿಲ್ಲಿಸಿದ್ದು ದುಡ್ಡು. ಹಾಗಾಗಿ ದುಡ್ಡಿನ ಬಗ್ಗೆ ಮಾತಾಡೋಕೆ ನಾಚಿಕೆ ಬೇಡ.

ಪರಿಶಿಷ್ಟ ಜಾತಿಯ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನಕ್ಕೆ ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷ ರೂಪಾಯಿ ದಾಟಿರಬಾರದು. ಎಸ್‌ಎಸ್‌ಪಿ ಪೋರ್ಟಲಲ್ಲಿ ಪ್ರತಿ ವರ್ಷ ಅರ್ಜಿ ಹಾಕಬೇಕು, ಒಂದು ಸಲ ಹಾಕಿದ್ರೆ ಮೂರು ವರ್ಷಕ್ಕೂ ಬರುತ್ತೆ ಅನ್ಕೋಬೇಡಿ. ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದೀನಿ ಅಂದ್ರೆ ಸಾಲದು. ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ ಅಂತ ಬ್ಯಾಂಕಲ್ಲಿ ಹೆಸರಿಟ್ಟು ಕೇಳಿ. ಮಂಜೂರಾದ ಹಣ ಖಾತೆಗೆ ಬರದೆ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ.

ಇನ್ನೊಂದು ನಿಜ ಹೇಳಿಬಿಡ್ತೀನಿ. ಆ ಹಣ ಜೂನ್‌ನಲ್ಲಿ ಬರಲ್ಲ. ವರ್ಷ ಮುಗಿಯೋ ಹೊತ್ತಿಗೆ ಬಂದರೆ ಬಂತು. ಹಾಗಾಗಿ ಅದನ್ನ ನಂಬಿ ಸಾಲ ಮಾಡಬೇಡಿ. ಹಾಸ್ಟೆಲ್ ಅರ್ಜಿ ಬೇರೆ, ಸ್ಕಾಲರ್‌ಶಿಪ್ ಅರ್ಜಿ ಬೇರೆ, ಎರಡನ್ನೂ ಹಾಕಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಲ್ಲಿ ಶಕ್ತಿ ಯೋಜನೆ ಇದೆ. ಗಂಡುಮಕ್ಕಳು ಮೊದಲ ವಾರವೇ ಪಾಸ್ ಮಾಡಿಸಿ. ಪುಸ್ತಕ ಕೊಳ್ಳೋಕೆ ಮುಂಚೆ ಲೈಬ್ರರಿಯಲ್ಲಿ, ಸೀನಿಯರ್‌ಗಳ ಹತ್ರ ಕೇಳಿ. ಹಣ ಎಲ್ಲಿ ನಿಂತಿದೆ ಅಂತ ಯಾರೂ ಹೇಳದಿದ್ರೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಬಿಪಿಎಲ್‌ನವರಿಗೆ ಆ ಹತ್ತು ರೂಪಾಯಿಯೂ ಇಲ್ಲ.

ಮೂರು: ಹಾಜರಿ

ಪಿಯುಸಿ ಥರ ಮನೆಗೆ ಫೋನ್ ಮಾಡಿ ‘ಯಾಕೆ ಬಂದಿಲ್ಲ’ ಅಂತ ಕೇಳೋರು ಇಲ್ಲಿ ಕಮ್ಮಿ. ಆ ಸ್ವಾತಂತ್ರ್ಯ ಚೆನ್ನಾಗೇ ಇರುತ್ತೆ, ಹಾಲ್ ಟಿಕೆಟ್ ಕೊಡೋವರೆಗೆ. ಸಾಮಾನ್ಯವಾಗಿ 75 ಪರ್ಸೆಂಟ್ ಹಾಜರಿ ಬೇಕು. ಕಳೆ, ಕಟಾವು, ಜಾತ್ರೆ, ಮನೆಯಲ್ಲಿ ಕಾಯಿಲೆ, ಕೇಟರಿಂಗ್ ಕೆಲಸ ಅಂತ ನಮ್ಮ ಮಕ್ಕಳ ದಿನಗಳು ಹೋಗೋದು ಮೋಜಿಗಲ್ಲ, ಗೊತ್ತು. ಹೋಗಲೇಬೇಕಾದ್ರೆ ಮೊದಲೇ ರಜೆ ಅರ್ಜಿ ಕೊಟ್ಟು ಹೋಗಿ. ಇಂಟರ್ನಲ್ ಟೆಸ್ಟ್, ಅಸೈನ್‌ಮೆಂಟ್ ಇರೋ ದಿನ ಮಾತ್ರ ಏನೇ ಆದ್ರೂ ತಪ್ಪಿಸಬೇಡಿ. ಕಾಲೇಜಿನೊಳಗೇ ಸಿಗೋ ಅಂಕ ಅದು. ಒಂದೆರಡು ಪೇಪರ್ ಉಳಿದ್ರೆ ಅದು ಅಂತ್ಯ ಅಲ್ಲ, ಮುಂದಿನ ಸಲ ಕಟ್ಟಬಹುದು. ಫೇಲಾದ ನಾಚಿಕೆಗೆ ಕಾಲೇಜೇ ಬಿಟ್ಟವರನ್ನ ಬಹಳ ಜನ ನೋಡಿದ್ದೀನಿ. ಪೇಪರ್ ಕಟ್ಟೋದಕ್ಕಿಂತ ಬಿಟ್ಟ ಕಾಲೇಜಿಗೆ ಮತ್ತೆ ಸೇರೋದು ನೂರು ಪಾಲು ಕಷ್ಟ.

ನಾಲ್ಕು: ಇಂಗ್ಲಿಷ್

ಕನ್ನಡ ಮೀಡಿಯಂನಿಂದ ಬಂದ ಮಗುವಿಗೆ ಮೊದಲ ತಿಂಗಳು ಕ್ಲಾಸು ಕಾಡಿನ ಥರ ಕಾಣುತ್ತೆ. ಇಂಗ್ಲಿಷ್ ಬರದೇ ಇರೋದು ದಡ್ಡತನ ಅಲ್ಲ, ಅದು ಕಲಿಯೋ ವಿದ್ಯೆ, ಸೈಕಲ್ ಥರ. ನಿಮ್ಮ ಕೋರ್ಸಲ್ಲಿ ಪರೀಕ್ಷೆಗೆ ಕನ್ನಡದಲ್ಲಿ ಬರೆಯೋಕೆ ಅವಕಾಶ ಇದೆಯಾ ಅಂತ ಮೊದಲ ವಾರವೇ ಕೇಳಿ. ಪ್ರತಿ ವಿಷಯಕ್ಕೂ ಒಂದು ಸಣ್ಣ ನೋಟ್‌ಬುಕ್ ಇಟ್ಟು, ಮತ್ತೆ ಮತ್ತೆ ಬರೋ ಪದಗಳನ್ನ ಕನ್ನಡ ಅರ್ಥದ ಜೊತೆ ಬರ್ಕೊಳ್ಳಿ. ಪ್ರತಿ ವಿಷಯದಲ್ಲೂ ಅವೇ ಪದಗಳು ತಿರುತಿರುಗಿ ಬರ್ತವೆ, ಒಂದು ಸೆಮಿಸ್ಟರ್ ಕಳೆಯೋದ್ರಲ್ಲಿ ಪಾಠ ಬಿಡಿಸಿಕೊಳ್ಳೋಕೆ ಶುರುವಾಗುತ್ತೆ. ಹಳೇ ಪ್ರಶ್ನೆಪತ್ರಿಕೆ ಐದು ವರ್ಷದ್ದು ಹುಡುಕಿ ಇಟ್ಕೊಳ್ಳಿ. ಅರ್ಥ ಆಗದಿದ್ದಾಗ ಹಿಂದಿನ ಬೆಂಚಿಗೆ ಹೋಗಬೇಡಿ, ಮುಂದಕ್ಕೆ ಬನ್ನಿ.

ಐದು: ಅವಮಾನ

‘ನಿನ್ನ ರ‍್ಯಾಂಕ್ ಎಷ್ಟು?’, ‘ನಿಮಗೇನಪ್ಪ, ಕೋಟಾ ಇದೆ’ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಅವರು ಕೇಳ್ತಿರೋದು ರ‍್ಯಾಂಕ್ ಅಲ್ಲ, ಜಾತಿ. ಮೀಸಲಾತಿ ಯಾರ ಭಿಕ್ಷೆಯೂ ಅಲ್ಲ. 1951ರ ಮೊದಲ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 15(4)ನೇ ವಿಧಿ ಅದಕ್ಕೆ ಆಧಾರ. ಇಷ್ಟು ತಿಳ್ಕೊಂಡಿರಿ, ಎಲ್ಲರ ಜೊತೆ ವಾದಕ್ಕೆ ಇಳಿಯೋ ಅಗತ್ಯ ಇಲ್ಲ. ಓದಿನ ಟೈಮ್ ನಿಮ್ಮದು.

ಆದರೆ ಮಾತು ಮೀರಿದರೆ ಸುಮ್ಮನಿರಬೇಡಿ. ಏನಾಯ್ತು, ಯಾವ ದಿನ, ಎಷ್ಟು ಹೊತ್ತಿಗೆ, ಯಾರಿದ್ದರು, ಎಲ್ಲಾ ಅವತ್ತೇ ರಾತ್ರಿ ಬರೆದಿಡಿ. ಮೆಸೇಜ್ ಇದ್ರೆ ಸ್ಕ್ರೀನ್‌ಶಾಟ್ ತೆಗೀರಿ. ಯುಜಿಸಿ 2012ರಲ್ಲಿ ತಂದ ಸಮಾನತೆಯ ನಿಯಮಗಳಲ್ಲಿ ಸಮಾನ ಅವಕಾಶ ಕೋಶ, ತಾರತಮ್ಯ ವಿರೋಧಿ ಅಧಿಕಾರಿ ಅಂತ ವ್ಯವಸ್ಥೆ ಇದೆ. ‘ನಮ್ಮ ಕಾಲೇಜಲ್ಲಿ ಆ ಅಧಿಕಾರಿ ಯಾರು?’ ಅಂತ ಲಿಖಿತವಾಗಿ ಕೇಳಿ. ಆ ಪ್ರಶ್ನೆ ಕೇಳಿದ ಮೇಲೆ ಕೆಲವು ಕಡೆ ಬೋರ್ಡ್ ಏಳುತ್ತೆ! ರ‍್ಯಾಗಿಂಗ್ ಆದ್ರೆ 1800-180-5522 ಸಹಾಯವಾಣಿ ಇದೆ.

ಆರು: ಒಂಟಿ ಆಗಬೇಡಿ

ನನಗೆ ಎಲ್ಲಕ್ಕಿಂತ ಭಯ ಇದರ ಬಗ್ಗೆ. 2016ರ ಜನವರಿ 17ರಂದು ರೋಹಿತ್ ವೇಮುಲ ನಮ್ಮನ್ನ ಬಿಟ್ಟು ಹೋದಾಗ ಅವನಿಗೆ ತಿಂಗಳುಗಳ ಫೆಲೋಶಿಪ್ ಹಣ ಬರಬೇಕಿತ್ತು. 2023ರ ಫೆಬ್ರವರಿಯಲ್ಲಿ ಐಐಟಿ ಬಾಂಬೆಯಲ್ಲಿ ತೀರಿಕೊಂಡ ದರ್ಶನ್ ಸೋಲಂಕಿ ಮೊದಲ ವರ್ಷದ ವಿದ್ಯಾರ್ಥಿ, ಸೇರಿ ಕೆಲವೇ ತಿಂಗಳಾಗಿತ್ತು. ಜಾತಿ ತಾರತಮ್ಯ ಇತ್ತು ಅಂತ ಕುಟುಂಬ ಹೇಳಿತು, ಸಂಸ್ಥೆಯ ಸಮಿತಿ ಇಲ್ಲ ಅಂತು. ಮನೆಯವರಿಗೆ ಮಗ ವಾಪಸ್ ಬರಲಿಲ್ಲ.

ಮಕ್ಕಳೇ, ಮನಸ್ಸು ಭಾರ ಆದ್ರೆ ಬಾಯಿ ಬಿಟ್ಟು ಹೇಳಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಇಬ್ಬರು ಗೆಳೆಯರು, ಒಬ್ಬ ಸೀನಿಯರ್, ಒಬ್ಬ ಮೇಷ್ಟ್ರು, ಇಷ್ಟು ಜನ ಮೊದಲ ತಿಂಗಳಲ್ಲೇ ನಿಮಗೆ ಸಿಗಬೇಕು. ಹುಡುಕಿ. ನಿಮ್ಮಪ್ಪ ಅಮ್ಮ ನಿಮ್ಮನ್ನ ಕಳಿಸಿದ್ದು ಮಾರ್ಕ್ಸ್ ಕಾರ್ಡಿಗಲ್ಲ, ನೀವು ಚೆನ್ನಾಗಿ ಬದುಕಲಿ ಅಂತ.

ಈಗ ನಮ್ಮವರಿಗೆ.

ಇಷ್ಟೆಲ್ಲ ತಿಳ್ಕೋ ಅಂತ ಹದಿನೆಂಟರ ಮಗುವಿಗೆ ಹೇಳೋದೇ ಒಂದು ಅನ್ಯಾಯ. ಪಕ್ಕದ ಬೆಂಚಿನವನು ಬರೀ ಓದಿದ್ರೆ ಸಾಕು, ನಮ್ಮ ಮಗು ಓದೂ ಮಾಡಬೇಕು, ಕಚೇರಿ ಅಲೆದಾಟವೂ ಮಾಡಬೇಕು. ಸ್ಕಾಲರ್‌ಶಿಪ್ ವರ್ಷದ ಶುರುವಿನಲ್ಲೇ ಬರಬೇಕು, ಸೀಟು ಸಿಕ್ಕ ದಿನವೇ ಹಾಸ್ಟೆಲ್ ಸಿಗಬೇಕು. ಇದಕ್ಕಾಗಿ ಬೀದಿಗಿಳಿಯೋದು ಬಿಡೋ ಹಾಗಿಲ್ಲ. ಆದರೆ ಹೋರಾಟ ಗೆಲ್ಲೋವರೆಗೆ ಈ ವರ್ಷದ ಮಗು ಕಾಯಲ್ಲ, ಅದರ ಪರೀಕ್ಷೆಯೂ ಕಾಯಲ್ಲ.

‘ಶಿಕ್ಷಣ, ಸಂಘಟನೆ, ಹೋರಾಟ’ ಅಂತ ಬ್ಯಾನರಿನಲ್ಲಿ ಬರೆಸ್ತೀವಿ. ಶಿಕ್ಷಣ ಮೊದಲು ಇದೆ, ನಮ್ಮ ಕೆಲಸದಲ್ಲಿ ಅದು ಕೊನೆಗೆ ಬಂದಿದೆ. ಕಷ್ಟದ್ದೇನೂ ಕೇಳ್ತಿಲ್ಲ. ನಮ್ಮಲ್ಲಿ ಗುಮಾಸ್ತರಿದ್ದೀವಿ, ಮೇಷ್ಟ್ರಿದ್ದಾರೆ, ಬ್ಯಾಂಕಿನವರಿದ್ದಾರೆ, ವಕೀಲರಿದ್ದಾರೆ. ಒಬ್ಬೊಬ್ಬರು ಐದು ಮಕ್ಕಳ ನಂಬರ್ ತಗೊಳ್ಳಿ. ಹದಿನೈದು ದಿನಕ್ಕೊಂದು ಫೋನ್. ‘ಊಟ ಆಯ್ತಾ, ಕ್ಲಾಸಿಗೆ ಹೋಗ್ತಿದ್ದೀಯಾ, ಅರ್ಜಿ ಎಲ್ಲಿಗೆ ಬಂತು?’ ಮೂರೇ ಪ್ರಶ್ನೆ. ಬ್ಯಾಂಕಿಗೋ ಕಾಲೇಜಿನ ಕಚೇರಿಗೋ ಒಂದು ಸಲ ಜೊತೆಗೆ ಹೋಗಿ. ಆ ಮಗುವಿನ ಜೊತೆ ದೊಡ್ಡವರೊಬ್ಬರು ಇದ್ದಾರೆ ಅಂತ ಗೊತ್ತಾದ್ರೆ ಕೌಂಟರಿನ ಈಚೆ ದನಿ ಬದಲಾಗುತ್ತೆ. ಈಚೆ ಕೂತವನಾಗಿ ಹೇಳ್ತಿದ್ದೀನಿ, ನಂಬಿ.

ಮುಂದಿನ ವರ್ಷ ಸನ್ಮಾನ ಮಾಡುವಾಗ ಪಿಯುಸಿ ಪಾಸಾದವರ ಪಕ್ಕದಲ್ಲಿ ಡಿಗ್ರಿ ಮೊದಲ ವರ್ಷ ದಾಟಿದವರಿಗೂ ಕುರ್ಚಿ ಹಾಕೋಣ. ಒಂದು ಪೇಪರ್ ಉಳಿಸ್ಕೊಂಡು ದಾಟಿದವರಿಗೂ.

ನಾನು ನನ್ನ ಐದು ನಂಬರ್ ತಗೊಂಡಿದ್ದೀನಿ. ನೀವು?

ಕಾಲೇಜಿಗೆ ಸೇರಿರೋ ಮಕ್ಕಳಿಗೆ ಇದನ್ನ ತಲುಪಿಸಿ. ಬಿಟ್ಟುಹೋಗಿದ್ದು ಏನಾದ್ರೂ ಇದ್ರೆ ಕಾಮೆಂಟಲ್ಲಿ ಸೇರಿಸಿ.

ಜೈ ಭೀಮ್.